ಊದುವ ಸಾಬರು

ಎತ್ತು ಮೇವು ಬಿಟ್ಟಿದೆಯೇ, ಮಗು ರಾತ್ರಿಯಿಡೀ ಚೀರುತ್ತದೆಯೇ, ಹೊಸ ಸೊಸೆ ನೀರಿಗೆ ಹೋದಲ್ಲಿ ಬೆದರಿ ಬಂದು ಮೂಲೆ ಹಿಡಿದಿದ್ದಾಳೆಯೇ, ಆ ಕಾಲದ ಯಲ್ಲಾಪುರದಲ್ಲಿ ಇವಕ್ಕೆಲ್ಲ ಒಂದೇ ಉತ್ತರವಿತ್ತು: "ಸಾಬ್ರ ಹತ್ರ ಊದಿಸ್ಕೊಂಡ್ ಬರ್ರಿ." ಯಾವ ಸಾಬರು ಎಂದು ಯಾರೂ ಕೇಳುತ್ತಿರಲಿಲ್ಲ. ಊದುವ ಸಾಬರೆಂದರೆ ಬದ್ರುದ್ದೀನ್ ಸಾಬರು. ಅವರು ಮೌಲ್ವಿಯೂ ಅಲ್ಲ, ಹಕೀಮರೂ ಅಲ್ಲ. ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಅಕ್ಕಿ ಒಯ್ದು, ಉಪ್ಪು, ಒಣಮೀನು ಹೇರಿಕೊಂಡು ಬರುವ ಗಾಡಿಯವರು. ಬೆಳಗಿನ ನಮಾಜು ಮುಗಿಸಿ ಬರುವಷ್ಟರಲ್ಲಿ ಅವರ ಜಗಲಿಯ ಮುಂದೆ ತಾಯಂದಿರು ಮಕ್ಕಳನ್ನೆತ್ತಿಕೊಂಡು ನಿಂತಿರುತ್ತಿದ್ದರು. ಸಾಬರು ತುಟಿಯಲ್ಲೇ ಏನೋ ಹೇಳಿಕೊಂಡು, ಮಗುವಿನ ಮುಖಕ್ಕೆ ಮುಖ ತಂದು, ನೆತ್ತಿಯಿಂದ ಎದೆಯವರೆಗೆ ಮೆಲ್ಲಗೆ ಊದುತ್ತಿದ್ದರು. ಮಕ್ಕಳು ಕಚಗುಳಿಯಾದ ಹಾಗೆ ಮೂಗು ಸುಕ್ಕು ಮಾಡಿ ನಗುತ್ತಿದ್ದವು. ಅರ್ಧ ರೋಗ ಅಲ್ಲೇ ಹೋಯಿತು ಎಂದು ತಾಯಂದಿರು ಮನೆಗೆ ಹೋಗುತ್ತಿದ್ದರು.

ಊದುವಷ್ಟು ಹೊತ್ತು ಬಿಟ್ಟರೆ ಆ ಮನುಷ್ಯ ನಿಂತಲ್ಲಿ ನಿಂತವರಲ್ಲ, ಕೂತಲ್ಲಿ ಕೂತವರಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಮದುವೆಮನೆಗೆ ಹೋದರೂ ನಿಕಾ ಮುಗಿಯುವ ಮೊದಲೇ ಎದ್ದು, ಬಂದವರ ಎತ್ತುಗಳಿಗೆ ಯಾರಾದರೂ ನೀರು ತೋರಿಸಿದರೋ ಇಲ್ಲವೋ ಎಂದು ನೋಡಲು ಹೊರಡುವರು. "ನಿಮ್ಮ ಜನಾಜಾ ಹೊರೋವಾಗಲೂ ನೀವೇ ಎದ್ದು ಒಂದು ಹೆಗಲು ಕೊಡ್ತೀರಿ" ಎಂದು ಅವರ ಹೆಂಡತಿ ಹೇಳುತ್ತಿದ್ದಳಂತೆ. ಆ ಪುಣ್ಯಾತಗಿತ್ತಿ ಅವರಿಗಿಂತ ಮೊದಲೇ ಹೋಗಿಬಿಟ್ಟಳು. ಘಟ್ಟಕ್ಕೆ ಮೋಟಾರು ಲಾರಿಗಳು ಬಂದು ಗಾಡಿ ಬಾಡಿಗೆ ಸೊರಗಿದಾಗ ಉಳಿದ ಗಾಡಿಯವರು ಚಹಾದಂಗಡಿಯಲ್ಲಿ ಕೂತು ಮೋಟಾರಿಗೆ ಶಾಪ ಹಾಕಿದರು. ಸಾಬರಿಗೆ ಕೂತು ಶಾಪ ಹಾಕುವಷ್ಟು ಸಹನೆಯೂ ಇರಲಿಲ್ಲ. ಸಿಕ್ಕಿದ್ದನ್ನು ಹೇರಿಕೊಂಡು ಹೊರಟೇಬಿಡುತ್ತಿದ್ದರು.

ಅವರಿಗಿದ್ದದ್ದು ಒಬ್ಬಳೇ ಮಗಳು, ಅಮೀರುನ್ನಿಸಾ. ಶಿರಸಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವವನ ಮನೆಗೆ ಕೊಟ್ಟಿದ್ದರು. ಅವಳ ಮೊದಲ ಎರಡು ಕೂಸು ಅಂಬೆಗಾಲಿಡುವ ಮೊದಲೇ ಹೋದವು. ಮೂರನೆಯದು ಹುಟ್ಟುವಾಗ ಸಾಬರು ಗಾಡಿ ಕಟ್ಟಿಕೊಂಡು ಶಿರಸಿಗೆ ಹೋಗಿ, ಹೊರಗೆ ಬಂದ ಕೂಸಿಗೆ ಮೊದಲು ಊದಿ, ಆಮೇಲೆ ಹೆಸರು ಕೇಳಿದರು. ಶೌಕತ್ ಎಂದರು. ಶೌಕತ್ ಉಳಿದ, ಗುಂಡಗುಂಡಗೆ ಬೆಳೆದ, ಅಂಗಡಿಯ ಕಲಾಯಿ ಬುಟ್ಟಿಗೆ ಕೈಹಾಕುವಷ್ಟು ದೊಡ್ಡವನಾದ. ಅವನು ಉಳಿದದ್ದು ಯಾವುದರಿಂದ ಎಂದು ದೇವರೇ ಬಲ್ಲ. ಅಮೀರುನ್ನಿಸಾಗೆ ಮಾತ್ರ ಆ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹುಡುಗ ಸೀನಿದರೆ ಸಾಕು, ಅವನನ್ನು ಕಂಕುಳಲ್ಲಿಟ್ಟುಕೊಂಡು ಯಲ್ಲಾಪುರದ ಮೋಟಾರು ಹತ್ತುವಳು. ಸಾಬರಿಗೂ ಅದೇ ಬೇಕಿತ್ತೆನ್ನಿ. ಮೊಮ್ಮಗನಿಗೆ ಊದುವಾಗ ಉಳಿದವರಿಗಿಂತ ಒಂದು ಉಸಿರು ಹೆಚ್ಚೇ ಹೋಗುತ್ತಿತ್ತು.

ಮೂವತ್ತರ ದಶಕದ ಒಂದು ಮಾಗಿಯಲ್ಲಿ, ಚಳಿಗೆ ಎತ್ತುಗಳ ಮೂಗಿನಿಂದ ಹೊಗೆ ಬರುವ ದಿನಗಳಲ್ಲಿ, ಸಾಬರ ಅಕ್ಕ ಬಿಸ್ಮಿಲ್ಲಾ ಬಿಯ ಮಗ ರಸೂಲ್ ಕಲಘಟಗಿಯ ಸಂತೆಗೆ ಗಾಡಿ ಹೊಡೆದುಕೊಂಡು ಹೋದವನು ಮಲಗಿಕೊಂಡು ಬಂದ. ಗಾಡಿ ಹೊಡೆದು ತಂದವನು ಜೊತೆಗಾರ ಮಾದೇವ. ದಾರಿಯುದ್ದಕ್ಕೂ ರಸೂಲನ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡು ಹಗ್ಗ ಹಿಡಿದಿದ್ದ. ರಸೂಲನಿಗೆ ಮೈ ಬೆಂಕಿ, ಎದೆಯಲ್ಲಿ ಚುಚ್ಚು, ಬಿಡದ ಕೆಮ್ಮು.

ಇಲ್ಲಿ ಒಂದು ಮಾತು ಹೇಳಲೇಬೇಕು. ಪ್ಲೇಗು ನಮ್ಮ ಕಡೆಗೆ ಹೊಸದಲ್ಲ. ಇಲಿ ಬಿದ್ದರೆ ಮನೆ ಬಿಟ್ಟು ಊರ ಹೊರಗೆ ಜೋಪಡಿ ಹಾಕಬೇಕು ಎನ್ನುವುದು ಮಕ್ಕಳಿಗೂ ಗೊತ್ತಿತ್ತು. ಆದರೆ ಜನ ಅದಕ್ಕೆ ಇಟ್ಟ ಹೆಸರು ಗಡ್ಡೆ ಜ್ವರ. ಹೆಸರು ಹಾಗಿದ್ದ ಮೇಲೆ ಮುಗಿಯಿತು. ಜ್ವರ ಬಂದವನ ಕಂಕುಳು ಮುಟ್ಟಿ ನೋಡು, ತೊಡೆಸಂದು ಮುಟ್ಟಿ ನೋಡು. ಗಡ್ಡೆ ಇದ್ದರೆ ಓಡು, ಇಲ್ಲದಿದ್ದರೆ ಕೂರು. ಸಾಬರು ಸೋದರಳಿಯನ ಕಂಕುಳು ಮುಟ್ಟಿದರು, ತೊಡೆಸಂದು ಮುಟ್ಟಿದರು, ಕುತ್ತಿಗೆಯನ್ನೂ ತಡವಿದರು. ಎಲ್ಲೂ ಒಂದು ಗೋಲಿಯಷ್ಟು ಗಂಟಿಲ್ಲ. ಊರಲ್ಲಿ ಒಂದು ಇಲಿಯೂ ಬಿದ್ದಿಲ್ಲ.

"ಗಡ್ಡೆ ಇಲ್ಲ, ಅಲ್‌ಹಮ್ದುಲಿಲ್ಲಾ!" ಎಂದು ಬಿಸ್ಮಿಲ್ಲಾ ಬಿ ಕಣ್ಣೊರೆಸಿಕೊಂಡು ಮಗನನ್ನು ಎದೆಗೊರಗಿಸಿಕೊಂಡಳು. ಕಷಾಯ ಕುಡಿಸಿದಳು, ಉಗಿ ಕೊಟ್ಟಳು, ಅವನು ಕೆಮ್ಮಿದ್ದನ್ನೆಲ್ಲ ಸೆರಗಿನಲ್ಲಿ ಒರೆಸಿದಳು. ಸಾಬರು ಊದಲು ಬಗ್ಗಿದರು. ನಡುವೆ ರಸೂಲ್ ಕೆಮ್ಮಿದ. ಕೆಂಪು ಬೆರೆತ ನೀರಿನಂಥ ಹನಿ ಸಾಬರ ಕೆನ್ನೆಗೆ, ತುಟಿಗೆ ಸಿಡಿಯಿತು. ಹೆಗಲ ಮೇಲಿನ ವಸ್ತ್ರದಿಂದ ಒರೆಸಿಕೊಂಡು ಮತ್ತೆ ಮೊದಲಿನಿಂದ ಊದಿದರು. ಊದುವುದನ್ನು ಅರ್ಧಕ್ಕೆ ಬಿಡಬಾರದು.

ರಸೂಲ್ ಮೂರನೆಯ ದಿನ ಹೋದ. ಮಣ್ಣು ಮಾಡಿ ಬಂದ ಸಂಜೆ ಬಿಸ್ಮಿಲ್ಲಾ ಬಿ ಚಾಪೆ ಹಿಡಿದಳು. ಮಾರನೆಯ ಬೆಳಿಗ್ಗೆ ಮಾದೇವನೂ ಮಲಗಿದ ಎಂದು ಸುದ್ದಿ ಬಂತು.

ಸರ್ಕಾರಿ ದವಾಖಾನೆಗೆ ಆಗಷ್ಟೇ ಬಂದಿದ್ದ ಡಾಕ್ಟರು ರಘುಪತಿ ಹೆಗಡೆ. ಸಿದ್ದಾಪುರದ ಕಡೆ ಮನ್ಮನೆಯವರು, ಮುಂಬಯಿಯಲ್ಲಿ ಓದಿದವರು. ಬಿಸ್ಮಿಲ್ಲಾ ಬಿಯನ್ನು ನೋಡಲು ಬಂದಾಗ ಮೂಗು ಬಾಯಿಗೆ ವಸ್ತ್ರ ಕಟ್ಟಿಕೊಂಡಿದ್ದರು. ಡಾಕ್ಟರಿಗೆ ನಮ್ಮ ಮನೆಯ ವಾಸನೆ ಆಗದು ಎಂದು ಕೇರಿಯ ಹೆಂಗಸರು ತಮ್ಮತಮ್ಮಲ್ಲೇ ಸಿಟ್ಟಾದರು. ಡಾಕ್ಟರು ಮುದುಕಿಯ ಕಫವನ್ನು ಗಾಜಿನ ತುಂಡಿಗೆ ಹಚ್ಚಿಕೊಂಡು ಹೋಗಿ, ಮೈಕ್ರೋಸ್ಕೋಪಿನ ಮೇಲೆ ಬಗ್ಗಿದವರು ಬಹಳ ಹೊತ್ತು ತಲೆಯೆತ್ತಲಿಲ್ಲ. ಕೊನೆಗೆ ಎದ್ದು, "ಆನು ಹೆದ್ರಿದ್ದೇ ಆತಲಾ" ಎಂದು ತಮ್ಮ ಮನೆಮಾತಿನಲ್ಲಿ ಗೊಣಗಿದ್ದನ್ನು ಕಂಪೌಂಡರ್ ಕೇಳಿಸಿಕೊಂಡ. ಅಲ್ಲಿಂದ ನೆಟ್ಟಗೆ ಸಾಬರ ಮನೆಗೆ ಬಂದು ಅಂಗಳದಲ್ಲೇ ನಿಂತರು.

"ಸಾಬ್ರೇ, ನಾನು ಜಗಲಿಗೆ ಬರೂದಿಲ್ಲ. ನೀವೂ ಕೆಳಗೆ ಇಳೀಬೇಡಿ. ಇದು ಗಡ್ಡೆ ಜ್ವರ."

"ಗಡ್ಡಿ ಎಲ್ಲೈತ್ರಿ ಡಾಕ್ಟ್ರೇ? ನನ್ನ ಕೈಯಾರೆ ಮುಟ್ಟಿ ನೋಡೀನಿ."

"ಅದೇ ತಪ್ಪಾಗಿದ್ದು. ರೋಗ ಅದೇ. ಆದ್ರೆ ಈ ಸಲ ನೇರ ಎದೆಗೆ ಇಳ್ದದೆ. ಇದಕ್ಕೆ ಗಡ್ಡೆ ಏಳ್ಬೇಕು ಅಂತಿಲ್ಲ, ಇಲಿ ಬೀಳ್ಬೇಕು ಅಂತಿಲ್ಲ. ಕೆಮ್ಮೋ ಮನುಷ್ಯ ಒಬ್ಬ ಇದ್ರೆ ಸಾಕು. ಅಪರೂಪದ್ದು. ನಾನೂ ಪುಸ್ತಕದಲ್ಲಿ ಓದಿದ್ದೇ ಹೊರತು ಕಂಡದ್ದಿಲ್ಲ."

ಡಾಕ್ಟರು ಮಾದೇವನ ಮನೆಗೂ ಹೋಗಿಬಂದಿದ್ದರು. ಕಲಘಟಗಿಯಲ್ಲಿ ಗಾಡಿ ಬಿಟ್ಟ ಕಡೆ ಕೆಮ್ಮುತ್ತಿದ್ದ ಇನ್ನೊಬ್ಬ ಗಾಡಿಯವನ ಜೊತೆ ರಸೂಲ್ ಒಂದೇ ಕಂಬಳಿಯಲ್ಲಿ ಮಲಗಿದ್ದನೆಂದು ಮಾದೇವ ಹೇಳಿದ್ದ. ಅಲ್ಲಿಂದ ರಸೂಲ್. ರಸೂಲನನ್ನು ತೊಡೆಯ ಮೇಲಿಟ್ಟುಕೊಂಡ ಮಾದೇವ. ಎದೆಗಿಟ್ಟುಕೊಂಡ ತಾಯಿ.

"ಪಕ್ಕದ ಮನೆಯವರು ಹುಷಾರಾಗಿದ್ದಾರೆ, ಎದುರು ಮನೆಯವರೂ ಹುಷಾರಾಗಿದ್ದಾರೆ," ಎಂದರು ಡಾಕ್ಟರು. "ಇದು ಮನೆಯಿಂದ ಮನೆಗೆ ಹೋಗ್ತಾ ಇಲ್ಲ ಸಾಬ್ರೇ. ಮುಖಕ್ಕೆ ಮುಖ ಕೊಟ್ಟವರನ್ನ ಹುಡುಕ್ಕಂಡು ಹೋಗ್ತಾ ಅದೆ. ಅದಕ್ಕೇ ಕೇಳ್ತಾ ಇದ್ದೆ, ರಸೂಲನ ಮುಖಕ್ಕೆ ಮುಖ ಕೊಟ್ಟವರು ಇನ್ಯಾರು?"

ಸಾಬರ ಕೈ ತಾನಾಗಿ ಕೆನ್ನೆಗೆ ಹೋಯಿತು. ಆಮೇಲೆ ಅವರಿಗೆ ನೆನಪಾದದ್ದು ತಮ್ಮ ಜೀವವಲ್ಲ. ರಸೂಲನಿಗೆ ಊದಿದ ಮೇಲೂ ದಿನಾ ಬೆಳಿಗ್ಗೆ ಇದೇ ಜಗಲಿಯಲ್ಲಿ ನಿಂತು ಎಷ್ಟು ಮಕ್ಕಳ ಮುಖಕ್ಕೆ ಊದಿದೆ ಎನ್ನುವುದು.

"ಡಾಕ್ಟ್ರೇ, ಆ ಕೂಸುಗಳು..."

"ನಿಮಗೆ ಕೆಮ್ಮು ಬಂದದ್ಯಾ? ಜ್ವರ?"

"ಇಲ್ರಿ."

"ಹಂಗಾರೆ ಹೆದರ್ಬೇಡಿ. ಕೆಮ್ಮು ಬರೂ ತನಕ ಉಸಿರು ನಿಮ್ಮದು. ಕೆಮ್ಮು ಬಂದ್ಮೇಲೆ ಅದು ರೋಗದ್ದು. ಬಂದ್ರೆ ಈ ವಾರದೊಳಗೇ ಬರ್ತದೆ. ಅಲ್ಲಿವರೆಗೆ ಯಾರೂ ಇಲ್ಲದ ಕಡೆ ಹೋಗಿ ಸುಮ್ನೆ ಕೂತಿರಿ."

"ಔಷಧ?"

ಡಾಕ್ಟರು ಇಲ್ಲವೆಂದು ತಲೆಯಲ್ಲಾಡಿಸಿದರು. ಆಗಿನ್ನೂ ಅದಕ್ಕೆ ಔಷಧವೆನ್ನುವುದಿರಲಿಲ್ಲ. ಇದೆ ಎಂದು ಸುಳ್ಳು ಹೇಳದಷ್ಟು ಪ್ರಾಮಾಣಿಕತೆ ಆ ಮನುಷ್ಯನಿಗಿತ್ತು.

"ಸಾಯೂದಕ್ಕೆ ಹೆದ್ರಲ್ಲ ಡಾಕ್ಟ್ರೇ," ಎಂದರು ಸಾಬರು. "ಸುಮ್ನೆ ಕೂಡ್ರು ಅಂತೀರಲ್ಲ, ಅದಕ್ಕ ಹೆದರಿಕಿ ಬರ್ತೈತಿ."

ಅರಬೈಲ್ ರಸ್ತೆಯಲ್ಲಿ, ಊರು ದಾಟಿದ ಮೇಲೆ, ಗಾಡಿಯವರು ಎತ್ತು ಬಿಟ್ಟು ಅಡುಗೆ ಮಾಡಿಕೊಳ್ಳುವ ಒಂದು ಮಾಡು ಇತ್ತು. ಮೋಟಾರು ಬಂದ ಮೇಲೆ ಅದಕ್ಕೆ ಗಿರಾಕಿಗಳಿರಲಿಲ್ಲ. ಸಾಬರು ಅಲ್ಲಿಗೆ ಹೋದರು. ದವಾಖಾನೆಯ ಆಳು ರಸ್ತೆಯ ಆಚೆ ಗಂಜಿಯ ಮಡಕೆ ಇಟ್ಟು ಕೂಗಿ ಹೋಗುವನು. ಸಾಬರು ತಿನ್ನುವರು, ಇಲ್ಲವೇ ಬಿಡುವರು. ಒಲೆಯ ಕಲ್ಲುಗಳನ್ನು ಎತ್ತಿ ಬೇರೆ ಕಡೆ ಇಟ್ಟರು, ಮತ್ತೆ ಮೊದಲಿನ ಕಡೆಗೇ ಇಟ್ಟರು. ಮಾಡಿನ ಸೋಗೆ ಸರಿಮಾಡಿದರು. ರಸ್ತೆಗೆ ಬಂದರು, ಒಳಗೆ ಹೋದರು, ಮತ್ತೆ ಬಂದರು. ಎತ್ತುಗಳಿಗೆ ಯಾರು ಹುಲ್ಲು ಹಾಕಿದರೋ. ಅಕ್ಕ ಹೇಗಿದ್ದಾಳೋ. ಅಮೀರುನ್ನಿಸಾಗೆ ಸುದ್ದಿ ಮುಟ್ಟಿತೋ. ಮುಟ್ಟಿದರೆ ಆ ಹುಚ್ಚಿ ಮೋಟಾರು ಹತ್ತದೆ ಇರುತ್ತಾಳೆಯೇ? ಗಂಟಲಿಗೆ ಧೂಳು ಸಿಕ್ಕಿ ಕೆಮ್ಮು ಬಂದರೆ ಸಾಕು, ನಿಂತಲ್ಲೇ ನಿಂತು ಎದೆಯ ಮೇಲೆ ಕೈಯಿಟ್ಟು, ಇದು ಧೂಳಿನದೋ ಅದರದೋ ಎಂದು ಕಾಯುವರು. ಮತ್ತೊಂದು ಕೆಮ್ಮು ಬಾರದಿದ್ದರೆ ನಡೆಯಲು ಶುರುಮಾಡುವರು.

ಬಿಸ್ಮಿಲ್ಲಾ ಬಿ ಹೋದಳೆಂದು ದವಾಖಾನೆಯ ಆಳು ರಸ್ತೆಯಾಚೆಯಿಂದ ಹೇಳಿದ. ಮಾದೇವನೂ ಹೋದನೆಂದು ಮತ್ತೊಮ್ಮೆ ಬಂದು ಹೇಳಿದ. ಎತ್ತಿ ಬೆಳೆಸಿದ ಅಕ್ಕನಿಗೆ ಹೆಗಲು ಕೊಡಲಾಗಲಿಲ್ಲವಲ್ಲ ಎಂದು ಸಾಬರು ಮಾಡಿನ ಕಂಬಕ್ಕೆ ತಲೆ ಕೊಟ್ಟು ಹುಡುಗರ ಹಾಗೆ ಅತ್ತರು.

ಅದಕ್ಕಿಂತ ದೊಡ್ಡ ಪೀಡೆ ಇನ್ನೊಂದಿತ್ತು. ಊರಲ್ಲಿ ಹೆದರಿಕೆ ಹೆಚ್ಚಿದಷ್ಟೂ ಜನಕ್ಕೆ ಊದಿಸಿಕೊಳ್ಳುವ ಆಸೆ ಹೆಚ್ಚಿತು. ಶಂಖದಿಂದ ಬಂದರೇ ತೀರ್ಥ. ಬೇರೆ ಯಾರು ಊದಿದರೂ ಅವರಿಗೆ ಒಗ್ಗದು. ಸಾಬರು ಮಾಡಿನಲ್ಲಿದ್ದಾರೆ ಎಂದು ತಿಳಿದದ್ದೇ ತಡ, ಡಾಕ್ಟರ ಆಳಿನ ಕಣ್ಣು ತಪ್ಪಿಸಿ ಕಾಡುದಾರಿಯಿಂದ ಮಕ್ಕಳನ್ನು ಹೊತ್ತು ತರತೊಡಗಿದರು. ಸಾಬರು ಮೊದಲು ಬಾಯಲ್ಲಿ ಹುಣ್ಣಾಗಿದೆ ಎಂದು ಸುಳ್ಳು ಹೇಳಿದರು. ಆಮೇಲೆ ಕೈಮುಗಿದರು. ಕೊನೆಗೆ ಮಣ್ಣಿನ ಹೆಂಟೆ ಎತ್ತಿ ಎಸೆದರು.

"ಊರಿಗೆ ಬೇಕಾದಾಗ ಉಸಿರು ಬಚ್ಚಿಟ್ಕೊಂಡ್ರಿ ನೋಡ್ರಿ!" ಎಂದು ಗಿರಿಜವ್ವ ಎಂಬ ಮುದುಕಿ ನೆಟಿಗೆ ಮುರಿದು ಹೋದಳು. ಅವಳ ಮನೆಯಲ್ಲಿ ಸಾಬರು ಊದದ ಮಗುವಿರಲಿಲ್ಲ. ಆ ಮಾತು ಅವರನ್ನು ಮುಳ್ಳಿನ ಹಾಗೆ ಚುಚ್ಚಿತು. ಬಾಯಿಬಿಟ್ಟು ಹೇಳಲು ಹೋದರೆ ಅವಳು ಇನ್ನಷ್ಟು ಹತ್ತಿರ ಬರುತ್ತಾಳೆ ಎಂದು ಬೆನ್ನು ಹಾಕಿ ನಿಂತರು.

ಡಾಕ್ಟರು ಹೇಳಿದ ವಾರ ಮುಗಿಯುತ್ತ ಬಂತು. ಪಾರಾದೆನೇನೋ ಎಂದು ಒಳಗೊಳಗೇ ಒಂದು ಆಸೆ ತಲೆಯೆತ್ತಿತ್ತು. ಆಗ ಒಂದು ಬೆಳಿಗ್ಗೆ ನಮಾಜಿಗೆ ಬಗ್ಗಿದವರಿಗೆ ಎದ್ದು ನಿಲ್ಲಲಾಗಲಿಲ್ಲ. ಮೈ ಕಾಯಿತು. ಬಿಸಿಲು ಏರುವ ಹೊತ್ತಿಗೆ ಕೆಮ್ಮು ಬಂತು. ಎದೆಯ ಮೇಲೆ ಕೈಯಿಟ್ಟು ಕಾದರು. ಮತ್ತೊಂದು ಬಂತು, ಅದರ ಹಿಂದೆ ಮತ್ತೊಂದು.

ಆ ದಿನವೇ ಶಿರಸಿಯ ಮೋಟಾರಿನಿಂದ ಅಮೀರುನ್ನಿಸಾ ಇಳಿದಳು. ಫುಪ್ಪು ಬಿಸ್ಮಿಲ್ಲಾ ಬಿ ಸತ್ತ ಸುದ್ದಿ ತಡವಾಗಿ ತಲುಪಿತ್ತು. ಅದೇ ಹೊತ್ತಿಗೆ ಶೌಕತನಿಗೂ ಜ್ವರ ಬಂದಿತ್ತು. ಮೋಟಾರು ನಿಲ್ಲುವಲ್ಲಿ ದವಾಖಾನೆಯ ಆಳು, ಅಲ್ಲಿಗೆ ಹೋಗಬೇಡ ತಾಯಿ ಎಂದದ್ದು ಅವಳ ಕಿವಿಗೆ ಬೀಳಲಿಲ್ಲ. ಕಂಕುಳಲ್ಲಿ ಸುಡುವ ಮಗ, ತಲೆಯಲ್ಲಿ ಸತ್ತ ಎರಡು ಕೂಸು. ಅರಬೈಲ್ ರಸ್ತೆಯಲ್ಲಿ ಓಡುವ ಹಾಗೆ ಬಂದಳು.

ಸಾಬರು ಅವಳನ್ನು ದೂರದಿಂದಲೇ ಕಂಡರು. ನಡಿಗೆಯಿಂದಲೇ ಗುರುತು ಹತ್ತಿತು. ಅದು ಅವರದೇ ನಡಿಗೆ. ಬಾಯಿಗೆ ವಸ್ತ್ರ ಕಟ್ಟಿಕೊಂಡರು.

"ನಿಲ್ಲು! ಅಲ್ಲೇ ನಿಲ್ಲು!"

"ಅಬ್ಬಾ, ಶೌಕತ್‌ಗೆ ಜ್ವರ. ಕಣ್ಣು ಬಿಡವಲ್ಲ."

"ದವಾಖಾನಿಗೆ ಒಯ್ಯಿ. ಹೆಗ್ಡೇರು ಚೊಲೋ ಮನುಷ್ಯ. ಹೋಗು."

"ನೀವು ಊದ್ರಿ. ಆಮ್ಯಾಲೆ ಒಯ್ತೀನಿ." ಅವಳು ರಸ್ತೆ ದಾಟತೊಡಗಿದಳು.

ಸಾಬರು ಮೂಲೆಯಲ್ಲಿದ್ದ ಬಾರುಕೋಲು ಎತ್ತಿದರು. ಎತ್ತಿಗೂ ಹೊಡೆಯದ ಬಾರುಕೋಲು. "ಇನ್ನೊಂದು ಹೆಜ್ಜಿ ಇಟ್ಟಿ ಅಂದ್ರ ಹೊಡೀತೀನಿ, ಅಮೀರಾ! ಖುದಾನ ಆಣಿ, ಹೊಡೀತೀನಿ!"

ಅವಳು ನಿಂತಳು. ಹುಟ್ಟಿದ ಮೇಲೆ ಅಪ್ಪನಿಂದ ಒಂದು ಏಟು ತಿಂದವಳಲ್ಲ. ಬಾರುಕೋಲನ್ನೂ ಅಪ್ಪನ ಮುಖವನ್ನೂ ನೋಡಿದಳು. ಆಮೇಲೆ ಅಲ್ಲೇ ರಸ್ತೆಯ ಧೂಳಿನಲ್ಲಿ ಮಗನನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು.

"ಊರ ಎತ್ತು, ಎಮ್ಮಿಗೆಲ್ಲ ಊದೀರಿ. ನನ್ನ ಮಗಗ ಊದಾಕ ಉಸಿರಿಲ್ಲೇನು? ನೀವು ಊದೂ ತನಕ ನಾ ಏಳಂಗಿಲ್ಲ."

ಅತ್ತ ದರಿ, ಇತ್ತ ಪುಲಿ. ಡಾಕ್ಟರು ಹೇಳಿದ್ದು ಸುಳ್ಳಲ್ಲವೆಂದು ಸಾಬರಿಗೆ ಗೊತ್ತಿತ್ತು. ಅದರ ಸಾಕ್ಷಿ ಅವರ ಎದೆಯಲ್ಲೇ ಚುಚ್ಚುತ್ತಿತ್ತು. ಇವತ್ತು ಊದಿದರೆ ಮೊಮ್ಮಗನನ್ನು ತಾವೇ ಕೊಂದ ಹಾಗೆ. ಆದರೆ ಈ ಹುಡುಗ ಉಳಿದದ್ದು ತಮ್ಮ ಊದಿನಿಂದ ಎನ್ನುವುದನ್ನೂ ಅವರು ನಂಬಿದ್ದರು. ಜೀವಮಾನವಿಡೀ ನಂಬಿದ್ದನ್ನು ಒಂದು ವಾರದಲ್ಲಿ ಬಿಡಲಿಕ್ಕಾಗುತ್ತದೆಯೇ? ಊದದೆ ಕಳಿಸಿ ಹುಡುಗನಿಗೆ ಏನಾದರೂ ಆದರೆ? ಮಾಡಿನ ಮುಂದೆ ಆ ಕೊನೆಯಿಂದ ಈ ಕೊನೆಗೆ ನಡೆದರು. ತಿರುಗಿ ನಡೆದರು. ಕೆಮ್ಮು ಒತ್ತಿಕೊಂಡು ಬಂತು. ವಸ್ತ್ರ ತೆಗೆದು ನೋಡಿದರೆ ರಸೂಲನ ಕೆಂಪು. ಮಗಳೂ ಅದನ್ನು ಕಂಡಳು.

"ಗೊತ್ತಾತಲ್ಲ?" ಎಂದರು ಸಾಬರು. ಸಿಟ್ಟೆಲ್ಲ ಇಳಿದುಹೋಗಿತ್ತು. "ನನ್ನ ಉಸಿರು ಈಗ ನಂದಲ್ಲ ಬೇಟಿ. ನೀನೇ ಊದು."

"ನನಗೆಲ್ಲಿ ಬರ್ತೈತಿ ಅಬ್ಬಾ? ಇಜಾಜತ್ ಬೇಕಲ್ಲ."

ಇಜಾಜತ್ ಎಂದರೆ ಅಪ್ಪಣೆ. ಆ ಮನೆತನದಲ್ಲಿ ಅದನ್ನು ಕೊಡುವ ರೀತಿ ಒಂದೇ: ಕೊಡುವವರು ತೆಗೆದುಕೊಳ್ಳುವವರ ಕಿವಿಗೆ ಬಾಯಿಟ್ಟು, ಮೂರನೆಯವರಿಗೆ ಕೇಳದ ಹಾಗೆ, ಊದುವ ಮೊದಲು ತುಟಿಯಲ್ಲಿ ಹೇಳಿಕೊಳ್ಳುವ ಆ ಮಾತುಗಳನ್ನು ಉಸುರಬೇಕು. ಗಟ್ಟಿಯಾಗಿ ಹೇಳಿದರೆ ಅದರ ಸತ್ವ ಗಾಳಿಗೆ ಹೋಗುತ್ತದೆ ಎಂದು, ಅದನ್ನು ಸಾಬರಿಗೆ ಕೊಟ್ಟ ಅವರ ತಾಯಿ ಹೇಳಿದ್ದಳು.

ಸಾಬರು ಸುತ್ತ ನೋಡಿದರು. ರಸ್ತೆಯ ತಿರುವಿನಲ್ಲಿ ಒಂದು ಲಾರಿ ನಿಂತು ನೀರು ಕುಡಿಯುತ್ತಿತ್ತು. ಡ್ರೈವರು, ಕಟ್ಟಿಗೆ ಹೊತ್ತ ಇಬ್ಬರು ಹೆಂಗಸರು, ಹಿಂದೆ ಓಡಿಬಂದು ಏದುಸಿರು ಬಿಡುತ್ತಿದ್ದ ದವಾಖಾನೆಯ ಆಳು, ಎಲ್ಲರೂ ಇತ್ತಲೇ ನೋಡುತ್ತಿದ್ದರು.

"ಕೇಳಿದ್ರ ಕೇಳ್ಲಿ," ಎಂದರು. "ಅಲ್ಲಾನ ಕಿವಿ ಚುರುಕೈತಿ. ಹತ್ರ ಬರಬೇಕಾಗಿಲ್ಲ. ನಾ ಅಂದಂಗ ಅನ್ನು."

ಮೊದಲ ಮಾತು ಕೂಗಿದರು. ಅವಳು ಹೇಳಿದಳು. ಎರಡನೆಯದನ್ನು ಕೂಗುವಾಗ ಕೆಮ್ಮು ಅಡ್ಡ ಬಂತು. ಕಂಬ ಹಿಡಿದು ನಿಂತು ಮತ್ತೆ ಮೊದಲಿನಿಂದ ಶುರುಮಾಡಿದರು. ಮುಖಕ್ಕೆ ಮುಖ ಕೊಟ್ಟು ಕೊಡಬೇಕಾದದ್ದನ್ನು ಒಂದು ರಸ್ತೆಯ ಅಗಲದಾಚೆ ಎಸೆದೆಸೆದು ಕೊಟ್ಟರು. ಅವಳು ಅಳುತ್ತ ಒಂದೊಂದನ್ನೇ ಎತ್ತಿಕೊಂಡಳು. ತಪ್ಪಿದಲ್ಲಿ ಬೈದರು, ತಿದ್ದಿದರು. ಕೊನೆಯ ಮಾತು ಮುಗಿದಾಗ, "ಕೊಟ್ಟೆ. ಈಗ ಊದು," ಎಂದರು. ಅಮೀರುನ್ನಿಸಾ ಶೌಕತನ ನೆತ್ತಿಯಿಂದ ಎದೆಯವರೆಗೆ ಮೆಲ್ಲಗೆ ಊದಿದಳು. ಹುಡುಗ ಜ್ವರದಲ್ಲೂ ಮೂಗು ಸುಕ್ಕು ಮಾಡಿದ.

ಅವನದು ಮಲೆನಾಡಿನ ಚಳಿಜ್ವರವಾಗಿತ್ತು. ಅದೇ ಸಂಜೆ ಡಾಕ್ಟರು ಕೊಟ್ಟ ಕ್ವಿನೈನಿಗೆ ಇಳಿಯತೊಡಗಿತು. ಊದಿದ್ದಕ್ಕೇ ಇಳಿಯಿತು ಎನ್ನುವವರೊಡನೆ ಡಾಕ್ಟರು ಜಗಳಕ್ಕೆ ಹೋಗಲಿಲ್ಲ. ಸಾಬರು ಮುಂದಿನ ಶುಕ್ರವಾರವನ್ನು ಕಾಣಲಿಲ್ಲ. ಅವರ ಜಗಲಿಯಲ್ಲಿ ಊದಿಸಿಕೊಂಡ ಮಕ್ಕಳಲ್ಲಿ ಒಂದಕ್ಕೂ ಏನೂ ಆಗಲಿಲ್ಲ. ಕಲಘಟಗಿಯ ಕಂಬಳಿಯೊಳಗಿಂದ ಹೊರಟ ಜ್ವರ ಆ ಮಾಡಿನಲ್ಲಿ ಸುತ್ತ ನೋಡಿತು. ಅದಕ್ಕೆ ಹತ್ತಿಕೊಳ್ಳಲು ಸಾಬರು ಒಂದು ಮುಖವನ್ನೂ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಅಲ್ಲಿಗೇ ನಿಂತಿತು.

ಇದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಅಮೀರುನ್ನಿಸಾ ಮಗನನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು. ಈಗಷ್ಟೇ ಕಲಿತದ್ದನ್ನು ಮತ್ತೆ ಮೊದಲಿನಿಂದ ತುಟಿಯಲ್ಲೇ ಹೇಳಿಕೊಂಡು, ರಸ್ತೆಯ ಆಚೆ ನಿಂತ ಅಪ್ಪನ ಕಡೆಗೆ ಮುಖವೆತ್ತಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಊದಿದಳು. ಅಷ್ಟು ದೂರಕ್ಕೆ ಅದು ಮುಟ್ಟುವುದಿಲ್ಲ ಎಂದು ಸಾಬರಿಗೆ ಗೊತ್ತಿತ್ತು. ಆದರೂ ತಾಯಿ ಹೋದ ಮೇಲೆ ಅವರಿಗೆ ಯಾರೂ ಊದಿರಲಿಲ್ಲ. ಅವರು ಸುತ್ತಿದ್ದ ರುಮಾಲು ತೆಗೆದು ತಲೆ ಬಗ್ಗಿಸಿದರು.